ನಲ್ಲಿ ನೀರು, ಗಾಜಿನ ತೊಟ್ಟಿಯ ಮೀನು

ಮನುಷ್ಯರು ಕುಡಿಯಲು ಯೋಗ್ಯವಾದ ನೀರೆಲ್ಲ ಮೀನು ಬದುಕಲು ಯೋಗ್ಯವಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನದಂಡದ ಪ್ರಕಾರ ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ವಾಂತಿಭೇದಿ, ಕಾಮಾಲೆ ಹರಡದಂತೆ ಕಾಯುವುದು ಇದೇ. ಆದರೆ ಮೀನಿನ ಕಿವಿರಿಗೆ ಲೀಟರಿಗೆ 0.02ರಿಂದ 0.05 ಮಿಲಿಗ್ರಾಂ ಕ್ಲೋರಿನ್ ಕೂಡ ಹೆಚ್ಚೇ. ಅಂದರೆ ನೀರು ಸರಬರಾಜು ಮಾಡುವವರು ತಮ್ಮ ಕೆಲಸವನ್ನು ನಿಯಮದಂತೆ ಮಾಡಿದ ದಿನವೇ ಆ ನೀರು ಅಕ್ವೇರಿಯಂಗೆ ವಿಷವಾಗಿರುತ್ತದೆ.

ಕುಡಿದ ನೀರಿನ ಕ್ಲೋರಿನ್ ಮನುಷ್ಯನ ಬಾಯಿ, ಹೊಟ್ಟೆಯಲ್ಲಿರುವ ಸಾವಯವ ಪದಾರ್ಥದೊಂದಿಗೆ ಸೇರಿ ಅಲ್ಲೇ ಮುಗಿದುಹೋಗುತ್ತದೆ, ರಕ್ತದವರೆಗೆ ಹೋಗುವುದಿಲ್ಲ. ಮೀನು ನೀರನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಉಸಿರಾಡುತ್ತದೆ. ಕ್ಷಣಕ್ಷಣವೂ ಕಿವಿರಿನ ಮೇಲೆ ಹೊಸ ನೀರು ಹಾಯುತ್ತಿರುತ್ತದೆ, ಅಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಬಹಳ ತೆಳುವಾದ ಪೊರೆಯೊಂದೇ. ಕ್ಲೋರಿನ್ ಆ ಪೊರೆಯನ್ನು ಸುಡುತ್ತದೆ. ಸುಟ್ಟ ಜಾಗದಲ್ಲಿ ಲೋಳೆ ಕಟ್ಟಿ, ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ತೊಟ್ಟಿ ತೊಳೆದು ಹೊಸ ನೀರು ತುಂಬಿದ ದಿನವೇ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಇದರಿಂದ. ಅಂಗಡಿಯವರು ಅದನ್ನು ರೋಗ ಎಂದು ಔಷಧಿ ಕೊಡುವುದೂ ಉಂಟು.

ಕ್ಲೋರಿನ್ ತೊಂದರೆ ಎಲ್ಲ ಊರಿನದು. ಉಳಿದ ತೊಂದರೆಗಳು ನೀರಿನ ಮೂಲವನ್ನು ಅವಲಂಬಿಸಿ ಬದಲಾಗುತ್ತವೆ. ಅದನ್ನು ನೋಡಲು ದಾವಣಗೆರೆ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1997ರಲ್ಲಿ ಹೊಸ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಚನ್ನಗಿರಿ ತಾಲ್ಲೂಕಿನಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸೂಳೆಕೆರೆ, ಅಂದರೆ ಶಾಂತಿಸಾಗರ, ಭದ್ರಾ ನಾಲೆಯ ನೀರನ್ನೂ ತುಂಬಿಕೊಂಡು ಚಿತ್ರದುರ್ಗದವರೆಗೂ ಕುಡಿಯುವ ನೀರು ಕೊಡುತ್ತದೆ. ಹೊನ್ನಾಳಿ ಪಟ್ಟಣ ತುಂಗಭದ್ರೆಯ ದಂಡೆಯ ಮೇಲೇ ಇದೆ. ನ್ಯಾಮತಿ ಕಡೆಯ ಅಡಿಕೆ ತೋಟ, ಮೆಕ್ಕೆಜೋಳದ ಹೊಲಗಳ ನಡುವಿನ ಹಳ್ಳಿಗಳಲ್ಲಿ ಬಾವಿ, ಬೋರ್‌ ನೀರಿನ ಬಳಕೆ ಹೆಚ್ಚು. ಜಗಳೂರು ಮಳೆ ಕಡಿಮೆ ಬೀಳುವ, ಬೋರ್‌ಗಳು ಆಳಕ್ಕೆ ಹೋಗಿರುವ, ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಸೀಮೆ. ಒಂದೇ ಜಿಲ್ಲೆಯಾದರೂ ಹೊನ್ನಾಳಿಯಲ್ಲಿ ಚೆನ್ನಾಗಿ ಬದುಕಿದ ಏಂಜೆಲ್ ಮೀನು ಜಗಳೂರಿಗೆ ಹೋದರೆ ಬದುಕೀತೆಂಬ ಭರವಸೆ ಇಲ್ಲ.

ಬ್ಲೀಚಿಂಗ್ ಪೌಡರ್ ಹಾಕಿದ ನೀರು

ಹಳ್ಳಿ, ಸಣ್ಣ ಪಟ್ಟಣಗಳ ಓವರ್‌ಹೆಡ್ ಟ್ಯಾಂಕಿಗೆ ಹಾಕುವುದು ಸಾಮಾನ್ಯವಾಗಿ ಬ್ಲೀಚಿಂಗ್ ಪೌಡರ್. ಹೊಸದಾಗಿದ್ದಾಗ ಅದರಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಎಂಬುದು ರೂಢಿಯ ಲೆಕ್ಕ, ಅದರಿಂದ ಲೀಟರಿಗೆ 0.8 ಮಿಲಿಗ್ರಾಂನಷ್ಟು ಕ್ಲೋರಿನ್ ಸೇರುತ್ತದೆ. ಲೆಕ್ಕ ಹೀಗಿದ್ದರೂ ನಲ್ಲಿಗೆ ಬರುವ ಪ್ರಮಾಣ ದಿನದಿಂದ ದಿನಕ್ಕೆ ಬೇರೆ. ಚೀಲ ಬಾಯಿ ತೆರೆದು ತೇವದಲ್ಲಿ ಕುಳಿತರೆ ಪುಡಿಯ ಸತ್ವ ಇಳಿಯುತ್ತದೆ, ಹೊಸ ಚೀಲ ಬಿಚ್ಚಿದ ದಿನ ಅದೇ ಅಳತೆಯ ಪುಡಿ ಎರಡು ಪಟ್ಟು ಕೆಲಸ ಮಾಡುತ್ತದೆ. ಟ್ಯಾಂಕ್ ತೊಳೆದ ದಿನ, ಪೈಪ್ ಒಡೆದು ರಿಪೇರಿ ಮಾಡಿದ ದಿನ, ಮಳೆಗಾಲದ ಮೊದಲ ವಾರ, ಊರಲ್ಲಿ ವಾಂತಿಭೇದಿ ಕಾಣಿಸಿಕೊಂಡ ದಿನಗಳಲ್ಲಿ ಬೇಕೆಂದೇ ಹೆಚ್ಚು ಹಾಕುತ್ತಾರೆ. ಹಾಕಬೇಕಾದದ್ದೂ ಹೌದು.

‘ವರ್ಷಗಟ್ಟಲೆ ನಲ್ಲಿ ನೀರನ್ನೇ ನೇರವಾಗಿ ಹಾಕುತ್ತಿದ್ದೇವೆ, ಒಂದೂ ಸತ್ತಿಲ್ಲ’ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಟ್ಯಾಂಕಿನಿಂದ ದೂರದ ಬೀದಿಗೆ ಬರುವಷ್ಟರಲ್ಲಿ ಕ್ಲೋರಿನ್ ಪೈಪಿನ ಪಾಚಿ, ಕೆಸರಿನಲ್ಲಿ ಸವೆದು ಹೋಗಿರುತ್ತದೆ. ಮನೆಯ ಸಂಪಿನಲ್ಲಿ ಎರಡು ದಿನ ನಿಂತ ನೀರಿನಲ್ಲಿ ಇನ್ನೂ ಕಡಿಮೆ. ತೊಟ್ಟಿಯ ಹಳೆ ನೀರಿನಲ್ಲಿರುವ ಕಸವೂ ಸ್ವಲ್ಪ ಕ್ಲೋರಿನ್ ಎಳೆದುಕೊಳ್ಳುತ್ತದೆ. ಹೀಗೆ ಬಚಾವಾಗುತ್ತಾ ಬಂದವರು, ಟ್ಯಾಂಕ್ ತೊಳೆದ ಮರುದಿನ ಬಂದ ನೀರನ್ನು ಎಂದಿನಂತೆ ಸುರಿದಾಗ ತೊಟ್ಟಿ ಪೂರ್ತಿ ಖಾಲಿಯಾಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಿಂದ ತೊಟ್ಟಿಯ ಕಾಲು ಭಾಗವನ್ನಷ್ಟೇ ಬದಲಿಸಿದರೂ ಮೊದಲ ಕ್ಷಣದಲ್ಲಿ ಇಡೀ ತೊಟ್ಟಿಯಲ್ಲಿ 0.25 ಮಿಲಿಗ್ರಾಂ ಆಗುತ್ತದೆ, ಅದು ಕಿವಿರು ತಡೆಯುವ ಮಿತಿಯ ಐದು ಪಟ್ಟಿಗೂ ಹೆಚ್ಚು. ವಾಸನೆ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಮೂಗಿಗೆ ಗೊತ್ತಾಗದ ಕ್ಲೋರಿನ್ ಕೂಡ ಮೀನಿಗೆ ಸಾಕಷ್ಟಾಗಿರುತ್ತದೆ.

ಕ್ಲೋರಿನ್ ತೆಗೆಯಲು ಅತಿ ಸುಲಭದ ದಾರಿ ನೀರನ್ನು ಹಿಡಿದಿಡುವುದು. ಅಗಲ ಬಾಯಿಯ ಬಕೆಟ್ ಅಥವಾ ಟಬ್ಬಿನಲ್ಲಿ, ಮುಚ್ಚಳವಿಲ್ಲದೆ, ಬಿಸಿಲು ಬೀಳುವ ಕಡೆ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ, ಎರಡು ದಿನ ಇಟ್ಟರೆ ಧೈರ್ಯವಾಗಿ ಬಳಸಬಹುದು. ಏರ್ ಪಂಪಿನ ಕಲ್ಲನ್ನು ಅದರೊಳಗೆ ಬಿಟ್ಟರೆ ಇನ್ನೂ ಬೇಗ. ಕುತ್ತಿಗೆ ಕಿರಿದಾದ ಕೊಡದಲ್ಲಿ, ಮುಚ್ಚಿದ ಡ್ರಮ್ಮಿನಲ್ಲಿ ಇಟ್ಟ ನೀರಿಗೆ ಈ ಲೆಕ್ಕ ನಡೆಯುವುದಿಲ್ಲ, ಗಾಳಿ ತಾಗದ ನೀರು ಕ್ಲೋರಿನ್ ಬಿಟ್ಟುಕೊಡುವುದು ಬಹಳ ನಿಧಾನ. ಕುದಿಸಿದರೂ ಕ್ಲೋರಿನ್ ಹೋಗುತ್ತದೆ. ಆದರೆ ನೀರಿನಲ್ಲಿ ಕರಗಿದ ಆಮ್ಲಜನಕವೂ ಅದರ ಜೊತೆ ಹೋಗುವುದರಿಂದ ಆರಿಸಿ, ಚೆನ್ನಾಗಿ ಗಾಳಿಯಾಡಿಸಿ ಬಳಸಬೇಕು.

ಕಾಯಲು ಸಮಯವಿಲ್ಲದಾಗ ಹೈಪೋ ಇದೆ. ಫೋಟೊ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯಲು ಬಳಸುತ್ತಿದ್ದ ಹರಳು ಇದೇ, ರಸಾಯನಶಾಸ್ತ್ರದ ಹೆಸರು ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ‘ಆ್ಯಂಟಿ ಕ್ಲೋರಿನ್’ ಎಂದು ಸಣ್ಣ ಬಾಟಲಿಯಲ್ಲಿ ಮಾರುವುದು ಬಹುಮಟ್ಟಿಗೆ ಇದರದೇ ದ್ರಾವಣ. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು ಏಳು ಮಿಲಿಗ್ರಾಂ ಹೈಪೋ ಹರಳು ಬೇಕು. ಮನೆಯಲ್ಲೇ ಮಾಡಿಕೊಳ್ಳುವುದಾದರೆ 10 ಗ್ರಾಂ ಹರಳನ್ನು ಕುದಿಸಿ ಆರಿಸಿದ 100 ಮಿಲಿ ಲೀಟರ್ ನೀರಿನಲ್ಲಿ ಕರಗಿಸಿ ಬಣ್ಣದ ಬಾಟಲಿಯಲ್ಲಿಟ್ಟರೆ ಆಯಿತು. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇರುವ 10 ಲೀಟರ್ ನೀರಿಗೆ ಈ ದ್ರಾವಣ ಒಂದು ಮಿಲಿ ಲೀಟರ್ ಸಾಕು. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಬಹುದು. ಸ್ವಲ್ಪ ಹೆಚ್ಚಾದರೆ ಮೀನಿಗೆ ತೊಂದರೆಯಿಲ್ಲ, ಕಡಿಮೆಯಾದರೆ ಹಾಕಿದ್ದು ವ್ಯರ್ಥ. ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ದ್ರಾವಣವನ್ನು ಮೊದಲು ಬಕೆಟ್ಟಿನ ನೀರಿಗೆ ಹಾಕಿ ಕಲಕಿ, ಆಮೇಲೆ ಆ ನೀರನ್ನು ತೊಟ್ಟಿಗೆ ಸುರಿಯಬೇಕು. ವಿಟಮಿನ್ ಸಿ ಕೂಡ ಕ್ಲೋರಿನ್ ತೆಗೆಯುತ್ತದೆ, ಆದರೆ ಔಷಧಿ ಅಂಗಡಿಯಲ್ಲಿ ಸಿಗುವ ಚೀಪುವ ಮಾತ್ರೆಗಳಲ್ಲಿ ಸಕ್ಕರೆ, ಬಣ್ಣ ಇರುವುದರಿಂದ ಅವು ತೊಟ್ಟಿಗೆ ಬೇಡ. ಹೊಸ ನೀರು ಹಾಕಿದಾಗಲೆಲ್ಲ ಹಾಕಿ ಎಂದು ಕೊಡುವ ನೀಲಿ ಔಷಧಿ, ಮಿಥಿಲೀನ್ ಬ್ಲೂ, ಬೂಷ್ಟಿನಂಥ ರೋಗಕ್ಕೆ ಬಳಸುವಂಥದ್ದು, ಕ್ಲೋರಿನ್ ತೆಗೆಯಲೆಂದು ಅದನ್ನು ಕೊಂಡರೆ ದುಡ್ಡು ದಂಡ.

ಹೊಳೆಯ ನೀರು, ನಾಲೆಯ ನೀರು

ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ಹೊಳೆ ಹೊನ್ನಾಳಿಗೆ ಬರುತ್ತದೆ. ಅದಕ್ಕೂ ಮೊದಲು ತುಂಗೆ ಶಿವಮೊಗ್ಗವನ್ನು, ಭದ್ರೆ ಭದ್ರಾವತಿಯನ್ನು ದಾಟಿ ಬಂದಿರುತ್ತವೆ, ಎರಡೂ ಊರಿನ ಕೊಳಚೆಯ ಪಾಲು ಜೊತೆಗಿರುತ್ತದೆ. ಹೊಳೆ ತುಂಬಿ ಹರಿಯುವಾಗ ಅದು ಲೆಕ್ಕಕ್ಕೆ ಬಾರದಷ್ಟು ತೆಳುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳು ಎದ್ದು ಕಾಣುವಷ್ಟು ನೀರು ಇಳಿದಾಗ ಹಾಗಲ್ಲ. ಕೊಳಚೆಯಲ್ಲಿರುವ ಅಮೋನಿಯ ಕ್ಲೋರಿನ್ನಿನ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಇದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಸುಲಭಕ್ಕೆ ಹೋಗುವುದಿಲ್ಲ. ನೀರನ್ನು ಎರಡು ದಿನ ಇಟ್ಟು ಹಾಕಿದರೂ ಬೇಸಿಗೆಯಲ್ಲಿ ಮೀನು ಸಾಯುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಹೈಪೋ ಕ್ಲೋರಮೈನನ್ನೂ ಒಡೆಯುತ್ತದೆ, ಆದರೆ ಒಡೆದಾಗ ಅಮೋನಿಯ ನೀರಿನಲ್ಲೇ ಉಳಿಯುತ್ತದೆ. ಅಮೋನಿಯ ಎಷ್ಟು ಅಪಾಯ ಎಂಬುದು ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇರುವ ನೀರಿನ ಒಟ್ಟು ಅಮೋನಿಯದಲ್ಲಿ ವಿಷರೂಪದಲ್ಲಿರುವುದು ಶೇ 0.6ರಷ್ಟು, ಪಿಎಚ್ 8ರಲ್ಲಿ ಶೇ 5ರಷ್ಟು, ಪಿಎಚ್ 9ಕ್ಕೆ ಏರಿದರೆ ಶೇ 36ರಷ್ಟು. ಪಾಚಿ ಕಟ್ಟಿದ ಹಸಿರು ನೀರಿನ ಪಿಎಚ್ ಮಧ್ಯಾಹ್ನದ ಬಿಸಿಲಿಗೆ ಏರುವುದರಿಂದ, ಬೆಳಿಗ್ಗೆ ಚೆನ್ನಾಗಿದ್ದ ಮೀನು ಮಧ್ಯಾಹ್ನ ಒದ್ದಾಡುವುದುಂಟು. ಅಮೋನಿಯವನ್ನು ಹಿಡಿದಿಡಬಲ್ಲದ್ದು ಚೆನ್ನಾಗಿ ಪಳಗಿದ ಫಿಲ್ಟರ್, ಅದು ಬಿಟ್ಟರೆ ಜಿಯೋಲೈಟ್ ಎಂಬ ಖನಿಜದ ಹರಳು. ಬೇಸಿಗೆಯಲ್ಲಿ ಹೊಳೆ ನೀರು ಬಳಸುವವರು ಒಮ್ಮೆಲೇ ಅರ್ಧ ತೊಟ್ಟಿ ಬದಲಿಸದೆ ಸ್ವಲ್ಪಸ್ವಲ್ಪ ಬದಲಿಸುವುದು ಕ್ಷೇಮ.

ಮಳೆಗಾಲದ ತೊಂದರೆ ಬೇರೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊಳೆ ಕೆಂಪಾಗಿ ಬಗ್ಗಡ ಬರುತ್ತದೆ, ನೀರು ತಿಳಿ ಮಾಡಲು ಶುದ್ಧೀಕರಣ ಘಟಕದಲ್ಲಿ ಆಲಂ, ಅಂದರೆ ಪಟಿಕ, ಹೆಚ್ಚು ಬಳಸುತ್ತಾರೆ. ಘಟಕದಲ್ಲಿ ಅಳತೆಯಿಂದ ಹಾಕುವ ಪಟಿಕ ಕೆಳಗೆ ಕೂತು ಹೋಗುತ್ತದೆ, ಅದರ ಚಿಂತೆ ಬೇಡ. ಮನೆಯಲ್ಲಿ ಕೊಡದೊಳಗೆ ಪಟಿಕದ ಗಡ್ಡೆ ತಿರುಗಿಸಿ ತಿಳಿ ಮಾಡಿದ ನೀರನ್ನು ಮಾತ್ರ ತೊಟ್ಟಿಗೆ ಹಾಕಬಾರದು. ಪಟಿಕ ನೀರಿನ ಪಿಎಚ್ ಇಳಿಸುತ್ತದೆ, ಹುಳಿಯಾದ ನೀರಿನಲ್ಲಿ ಕರಗಿದ ಅಲ್ಯೂಮಿನಿಯಂ ಕಿವಿರಿಗೆ ಅಂಟುತ್ತದೆ. ಬಗ್ಗಡ ನೀರನ್ನು ಒಂದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು.

ಚನ್ನಗಿರಿ, ಹೊನ್ನಾಳಿಯ ಭದ್ರಾ ಅಚ್ಚುಕಟ್ಟಿನಲ್ಲಿ ನಾಲೆ ನೀರು, ಗದ್ದೆ ಪಕ್ಕದ ಬಾವಿ ನೀರು ಕೈಗೆಟಕುವಂತೆ ಇರುತ್ತದೆ. ಕ್ಲೋರಿನ್ ಇಲ್ಲದ ನೀರು ಎಂದು ಮೀನಿಗೆ ಅದನ್ನೇ ತರುವವರಿದ್ದಾರೆ. ಇದು ಕ್ಲೋರಿನ್ನಿಗಿಂತ ಕೆಟ್ಟ ಆಯ್ಕೆ. ಭತ್ತಕ್ಕೆ, ತೋಟಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಹಲವು, ಅದರಲ್ಲೂ ಪೈರೆಥ್ರಾಯ್ಡ್ ಗುಂಪಿನವು, ಮನುಷ್ಯ, ದನಕರುಗಳಿಗಿಂತ ಮೀನಿಗೆ ಎಷ್ಟೋ ಪಟ್ಟು ಹೆಚ್ಚು ವಿಷ. ಅವು ಹಿಡಿದಿಟ್ಟರೆ ಹೋಗುವುದಿಲ್ಲ, ಹೈಪೋಗೆ ಬಗ್ಗುವುದಿಲ್ಲ, ಕುದಿಸಿದರೂ ಪೂರ್ತಿ ತೊಲಗುವ ಖಾತ್ರಿಯಿಲ್ಲ. ಸಕ್ರಿಯ ಇಂಗಾಲದ ಫಿಲ್ಟರ್ ಸ್ವಲ್ಪ ಹೀರಿಕೊಳ್ಳುತ್ತದೆ, ಅದೂ ಇಂಗಾಲ ಹೊಸದಾಗಿದ್ದಾಗ. ನಾಲೆಯಿಂದ ಕಿತ್ತು ತಂದ ಗಿಡಗಳನ್ನೂ ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೀರು ಬದಲಿಸುತ್ತಿದ್ದು ಆಮೇಲೆ ತೊಟ್ಟಿಗೆ ನೆಡಬೇಕು.

ಬೋರ್‌ ನೀರು, ಫ್ಲೋರೈಡ್, ಫಿಲ್ಟರ್ ನೀರು

ಬೋರ್‌ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಹಾಗಾಗಿ ಅದು ನೇರವಾಗಿ ನಡೆಯುತ್ತದೆ ಎಂಬ ನಂಬಿಕೆ ಇದೆ. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಒತ್ತಡದಲ್ಲಿ ಕರಗಿದ ಅನಿಲ ಮೇಲೆ ಬಂದಾಗ ಗುಳ್ಳೆಗಳಾಗಿ ಬಿಡುತ್ತದೆ. ಮೋಟಾರ್ ಬಿಟ್ಟ ಕೂಡಲೇ ಹಿಡಿದ ನೀರನ್ನು ತೊಟ್ಟಿಗೆ ಸುರಿದರೆ ಗಾಜಿನ ಮೇಲೆ, ಮೀನಿನ ರೆಕ್ಕೆಯ ಮೇಲೆ ಸಣ್ಣ ಗುಳ್ಳೆಗಳು ಕೂರುವುದು ಇದರಿಂದಲೇ. ರಕ್ತನಾಳದೊಳಗೂ ಹೀಗೆ ಗುಳ್ಳೆ ಕಟ್ಟಿದರೆ ಮೀನು ಉಳಿಯುವುದಿಲ್ಲ. ರಾತ್ರಿಯಿಡೀ ಏರ್ ಪಂಪ್ ಹಾಕಿದರೆ, ಇಲ್ಲವೇ ಎತ್ತರದಿಂದ ಒಂದು ಬಕೆಟ್ಟಿಂದ ಇನ್ನೊಂದಕ್ಕೆ ಹಲವು ಸಲ ಸುರಿದರೆ ಈ ದೋಷ ಹೋಗುತ್ತದೆ. ನ್ಯಾಮತಿಯ ಕಡೆಯಾಗಲಿ ಬೇರೆಲ್ಲಾಗಲಿ, ಹಿಡಿದಿಟ್ಟ ಬೋರ್‌ ನೀರು ಕೆಲ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ಕಬ್ಬಿಣವಿದೆ ಎಂದರ್ಥ. ಗಾಳಿಯಾಡಿಸಿ, ತುಕ್ಕು ತಳಕ್ಕೆ ಕೂತ ಮೇಲೆ ಸೋಸಿದ ನೀರು ಬಳಕೆಗೆ ಬರುತ್ತದೆ. ಯೂರಿಯ ಹೆಚ್ಚು ಸುರಿಯುವ ಹೊಲಗಳ ನಡುವಿನ ಬಾವಿಯಲ್ಲಿ ನೈಟ್ರೇಟ್ ಇರಬಹುದು. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಮೀನಿಗೂ ಅದೇ ಮಿತಿ ಇಟ್ಟುಕೊಳ್ಳಬಹುದು.

ಗಡಸುತನದ ವಿಷಯಕ್ಕೆ ಬಂದರೆ, ಬೇಳೆ ಬೇಗ ಬೇಯದ, ಸೋಪು ನೊರೆ ಬಿಡದ, ಸ್ಟೌ ಮೇಲಿನ ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರು ಎಂದರೆ ಗಡಸು ನೀರು ಎಂದು ಯಾವ ಮನೆಯಲ್ಲೂ ಗೊತ್ತು. ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇಲ್ಲಿ ನೀರನ್ನು ಬದಲಿಸಲು ಹೆಣಗುವುದಕ್ಕಿಂತ ನೀರಿಗೆ ಒಗ್ಗುವ ಮೀನು ಸಾಕುವುದೇ ಜಾಣತನ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರೇ ಹಿತ. ಗೋಲ್ಡ್‌ಫಿಶ್ ತಡೆಯುತ್ತದೆ. ನಿಯಾನ್ ಟೆಟ್ರಾ, ಡಿಸ್ಕಸ್‌ಗಳು ಅಮೆಜಾನಿನ ಮೃದುವಾದ, ಸ್ವಲ್ಪ ಹುಳಿಯಾದ ನೀರಿನವು, ಜಗಳೂರಿನ ಬೋರ್‌ ನೀರಿನಲ್ಲಿ ಅವುಗಳನ್ನು ಸಾಕಲು ಹೊರಡುವುದು ಮೀನಿಗೂ ಜೇಬಿಗೂ ಶಿಕ್ಷೆ. ಮಲೇರಿಯಾ ತಡೆಗೆ ಸರ್ಕಾರ ಬಾವಿ, ತೊಟ್ಟಿಗಳಿಗೆ ಬಿಡಲು ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಆರಿಸಿಕೊಂಡದ್ದಕ್ಕೂ, ಕೋಲಾರ, ತುಮಕೂರಿನಂಥ ಬಯಲುಸೀಮೆಯಲ್ಲಿ ಅವು ಉಳಿದದ್ದಕ್ಕೂ ಈ ತಡೆಯುವ ಗುಣವೂ ಒಂದು ಕಾರಣ. ಆ ಗಪ್ಪಿ ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಬಿದ್ದರೆ ಅವೂ ಸಾಯುತ್ತವೆ.

ಜಗಳೂರಿನ ಫ್ಲೋರೈಡ್ ಜನರಿಗೆ ದೊಡ್ಡ ಸಮಸ್ಯೆ. ಮಿತಿ ಲೀಟರಿಗೆ ಒಂದು ಮಿಲಿಗ್ರಾಂ, ಹೆಚ್ಚೆಂದರೆ ಒಂದೂವರೆ. ಅದಕ್ಕೂ ಮೀರಿದ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಬೋರ್‌ ನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟದ ಫ್ಲೋರೈಡ್ ಮೀನನ್ನು ಒಂದೆರಡು ದಿನದಲ್ಲಿ ಕೊಲ್ಲುವುದಿಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಅದರ ಕಾಟವನ್ನು ತಗ್ಗಿಸುತ್ತದೆ ಕೂಡ. ಅಪಾಯ ಇರುವುದು ಅದು ಸೇರುತ್ತಾ ಹೋಗುವುದರಲ್ಲಿ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ. ಲವಣ, ಫ್ಲೋರೈಡ್ ಎಲ್ಲ ಕೆಳಗೇ ಉಳಿಯುತ್ತವೆ. 50 ಲೀಟರಿನ ಮುಚ್ಚಳವಿಲ್ಲದ ತೊಟ್ಟಿಯಿಂದ ಕಡು ಬೇಸಿಗೆಯಲ್ಲಿ ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ, ಅದನ್ನು ಲೀಟರಿಗೆ 1200 ಮಿಲಿಗ್ರಾಂ ಲವಣವಿರುವ ಬೋರ್‌ ನೀರಿನಿಂದ ತುಂಬಲಾಗುತ್ತದೆ ಎಂದಿಟ್ಟುಕೊಂಡರೆ, ತೊಟ್ಟಿಯ ಲವಣಾಂಶ ಲೀಟರಿಗೆ ದಿನಕ್ಕೆ 24 ಮಿಲಿಗ್ರಾಂ, ತಿಂಗಳಿಗೆ 720 ಮಿಲಿಗ್ರಾಂ ಏರುತ್ತದೆ. ನೀರು ಕಡಿಮೆಯಾದಾಗ ಮೇಲಿಂದ ತುಂಬುತ್ತಾ ಹೋಗುವುದನ್ನೇ ನೀರು ಬದಲಿಸಿದಂತೆ ಎಂದು ತಿಳಿಯುವುದು ಈ ಭಾಗದ ಅಕ್ವೇರಿಯಂಗಳ ದೊಡ್ಡ ತಪ್ಪು. ಆವಿಯಾದ ಪ್ರಮಾಣವನ್ನು ಶುದ್ಧ ನೀರಿನ ಘಟಕದ ನೀರಿನಿಂದ ಅಥವಾ ಮಳೆ ನೀರಿನಿಂದ ತುಂಬಬೇಕು, ತೊಟ್ಟಿಗೆ ಗಾಜಿನ ಮುಚ್ಚಳ ಹಾಕಬೇಕು. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚುತ್ತದೆ.

ಹಳ್ಳಿಹಳ್ಳಿಯಲ್ಲೂ ಆಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ, ಕಾಯಿನ್ ಹಾಕಿದರೆ ಬರುವ ‘ಫಿಲ್ಟರ್ ನೀರು’, ಆರ್‌ಒ ಪೊರೆಯ ಮೂಲಕ ಹಾಯ್ದದ್ದು. ಫ್ಲೋರೈಡ್, ಗಡಸುತನ, ನೈಟ್ರೇಟ್ ಎಲ್ಲವೂ ಅದರಲ್ಲಿ ಬಹಳ ಇಳಿದಿರುತ್ತವೆ. ಹಾಗೆಂದು ತೊಟ್ಟಿಯನ್ನು ಪೂರ್ತಿ ಅದರಿಂದಲೇ ತುಂಬಿದರೆ ಹೊಸ ತೊಂದರೆ ಶುರುವಾಗುತ್ತದೆ. ಸಿಹಿನೀರಿನ ಮೀನಿನ ಮೈಯೊಳಗಿನ ಲವಣ ಹೊರಗಿನ ನೀರಿಗಿಂತ ಯಾವಾಗಲೂ ಹೆಚ್ಚು. ಹೊರಗೆ ಲವಣವೇ ಇಲ್ಲದಿದ್ದರೆ ಮೈಗೆ ನೀರು ನುಗ್ಗುತ್ತದೆ, ಅದನ್ನು ಹೊರಹಾಕಲು ಮೂತ್ರಪಿಂಡ ಬಿಡುವಿಲ್ಲದೆ ದುಡಿಯಬೇಕು. ಅದಲ್ಲದೆ ಪಿಎಚ್ ಏರಿಳಿತವನ್ನು ತಡೆಯುವ ಬೈಕಾರ್ಬೊನೇಟ್ ಆರ್‌ಒ ನೀರಿನಲ್ಲಿ ಉಳಿದಿರುವುದಿಲ್ಲ, ಕೆಲವು ವಾರಗಳಲ್ಲಿ ನೀರು ಹುಳಿಯಾಗಿ ಫಿಲ್ಟರ್ ಕೆಲಸ ನಿಲ್ಲಿಸುತ್ತದೆ. ಸರಿಯಾದ ದಾರಿ ಎರಡನ್ನೂ ಬೆರೆಸುವುದು. 1200 ಟಿಡಿಎಸ್ (ಅಂದರೆ ಲೀಟರಿಗೆ 1200 ಮಿಲಿಗ್ರಾಂ ಕರಗಿದ ಲವಣ) ಇರುವ ಬೋರ್‌ ನೀರು ಒಂದು ಕೊಡ, 60 ಟಿಡಿಎಸ್ ಇರುವ ಫಿಲ್ಟರ್ ನೀರು ಮೂರು ಕೊಡ ಬೆರೆಸಿದರೆ 345 ಟಿಡಿಎಸ್ ಬರುತ್ತದೆ, ಹೆಚ್ಚಿನ ಮೀನುಗಳಿಗೆ ಇದು ಹಿತವಾದ ಮಟ್ಟ. ಫ್ಲೋರೈಡ್ ಕೂಡ ಸುಮಾರು ಅದೇ ಪಾಲಿನಲ್ಲಿ ತಗ್ಗುತ್ತದೆ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರು ಪುಕ್ಕಟೆ ಸಿಕ್ಕರೂ ಬೇಡ, ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ.

ಮಳೆ ನೀರು ಜಗಳೂರಿನಲ್ಲಿ ಅಪರೂಪವಾದರೂ ಬೆರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಮೊದಲ ಮಳೆಯ ನೀರನ್ನು ಚೆಲ್ಲಿ, ಮಾಳಿಗೆ ತೊಳೆದ ಮೇಲೆ ಬಂದದ್ದನ್ನು ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತುಕ್ಕು ಹಿಡಿದ ತಗಡಿನ ಮೇಲೆ ಬಿದ್ದ ನೀರು ಬೇಡ, ಅದರಲ್ಲಿ ಸತು ಇರುತ್ತದೆ. ಟಿಡಿಎಸ್ ಪೆನ್ನಿನ ಬಗ್ಗೆಯೂ ಇಲ್ಲೇ ಒಂದು ಮಾತು. ಅದು ಕರಗಿದ ಲವಣದ ಒಟ್ಟು ಪ್ರಮಾಣವನ್ನಷ್ಟೇ ಹೇಳುತ್ತದೆ. ಕ್ಲೋರಿನ್, ಅಮೋನಿಯ, ಕೀಟನಾಶಕ ಮೀನು ಕೊಲ್ಲುವಷ್ಟಿದ್ದರೂ ಪೆನ್ನು ಒಳ್ಳೆಯ ಅಂಕಿಯನ್ನೇ ತೋರಿಸೀತು.

ನೀರು ಎಲ್ಲಿಂದಲೇ ಬರಲಿ, ಹೊಸದಾಗಿ ಕಟ್ಟಿಸಿದ ಸಿಮೆಂಟ್ ಸಂಪಿನಲ್ಲಿ ನಿಂತರೆ ಅದರ ಪಿಎಚ್ 10ಕ್ಕೂ ಮೇಲೆ ಹೋಗಬಹುದು. ಸಿಮೆಂಟಿನ ಸುಣ್ಣ ಕರಗಿ ಬರುವುದು ನಿಲ್ಲುವವರೆಗೆ, ಎರಡು ಮೂರು ವಾರ ನೀರು ತುಂಬಿ ಚೆಲ್ಲುತ್ತಾ ಇರಬೇಕು.

ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಬಿಟ್ಟ ಆಹಾರದಿಂದ ದಿನವೂ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯ, ನೈಟ್ರೈಟ್ ಎರಡೂ ವಿಷ, ನೈಟ್ರೇಟ್ ಅಷ್ಟಿಲ್ಲ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಮೂರರಿಂದ ಆರು ವಾರ ಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಹಿಂಡಿದರೆ ಅವುಗಳನ್ನು ಕ್ಲೋರಿನ್ ಕೆಲವೇ ನಿಮಿಷಗಳಲ್ಲಿ ಕೊಲ್ಲುತ್ತದೆ. ತೊಟ್ಟಿ, ಕಲ್ಲು, ಸ್ಪಂಜು ಎಲ್ಲವನ್ನೂ ಹಬ್ಬದ ಪಾತ್ರೆಯಂತೆ ಒಂದೇ ದಿನ ತಿಕ್ಕಿ ತೊಳೆಯುವ ಮನೆಗಳಲ್ಲಿ ಮೂರನೇ ನಾಲ್ಕನೇ ದಿನ ಮೀನು ಸಾಯುವುದು ಇದಕ್ಕೇ. ಆ ಹೊತ್ತಿಗೆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕೊಲ್ಲುವುದು ಬ್ಯಾಕ್ಟೀರಿಯಾ ಇಲ್ಲದೆ ಏರಿದ ಅಮೋನಿಯ. ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿದರೆ ಸಾಕು, ಅದು ಬೆಳ್ಳಗಾಗಬೇಕಿಲ್ಲ. ಆ ಹಳೆ ನೀರು ಹೂವಿನ ಗಿಡಗಳಿಗೆ ಒಳ್ಳೆಯ ಗೊಬ್ಬರ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್. ಕಲ್ಲು ಮರಳು ಕಳೆದು 50 ಲೀಟರ್ ಎನ್ನಬಹುದು. ವಾರಕ್ಕೊಮ್ಮೆ ಅದರ ಕಾಲು ಭಾಗ ಬದಲಿಸಿದರೆ ಸಾಕು, ಅಂದರೆ ಹೆಚ್ಚುಕಡಿಮೆ ಒಂದು ಕೊಡ ನೀರು. ನಾಲ್ಕೈದು ದಿನಕ್ಕೊಮ್ಮೆ ಸರದಿಯಲ್ಲಿ ನೀರು ಬಿಡುವ ಊರಲ್ಲೂ ಒಂದು ಕೊಡ ಹಿಡಿದಿಡುವುದು ಕಷ್ಟವಲ್ಲ. ಹಿಡಿದ ನೀರು ಹಳೆ ನೀರಿನಷ್ಟೇ ಬೆಚ್ಚಗಿರಬೇಕು. ಆಳದ ಬೋರಿನಿಂದ ಬಂದ ನೀರು ಚಳಿಗಾಲದಲ್ಲೂ ಬಿಸಿಯಿರುತ್ತದೆ, ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ನೀರು ಮೇ ತಿಂಗಳ ಮಧ್ಯಾಹ್ನ ಕೈ ಸುಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಇದ್ದದ್ದು 35 ಡಿಗ್ರಿಯಲ್ಲಿ 7ಕ್ಕಿಂತ ಕೆಳಗಿಳಿಯುತ್ತದೆ. ಕರೆಂಟ್ ಹೋಗಿ ಏರ್ ಪಂಪ್ ನಿಲ್ಲುವ ಬೇಸಿಗೆಯ ರಾತ್ರಿಗಳಲ್ಲಿ ಮೀನು ಕಡಿಮೆಯಿರುವ ತೊಟ್ಟಿಯೇ ಉಳಿಯುವುದು. ಬೇರೆ ಊರಿಂದ ತಂದ ಮೀನನ್ನು ನೇರವಾಗಿ ಬಿಡದೆ, ಪ್ಲಾಸ್ಟಿಕ್ ಚೀಲದ ನೀರಿಗೆ ತೊಟ್ಟಿಯ ನೀರನ್ನು ಅರ್ಧ ಮುಕ್ಕಾಲು ಗಂಟೆ ಸ್ವಲ್ಪಸ್ವಲ್ಪ ಸೇರಿಸಿ, ಆಮೇಲೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಬೇಕು. ಶಿವಮೊಗ್ಗದ ಮೃದು ನೀರಿನಿಂದ ಜಗಳೂರಿನ ಗಡಸು ನೀರಿಗೆ ಬರುವ ಮೀನಿಗೆ ಇದು ಒಂದು ಗಂಟೆ ಮೀರಿದರೂ ಹೆಚ್ಚಲ್ಲ.

ಎಚ್ಚರಿಕೆ ತಪ್ಪಿ ಕ್ಲೋರಿನ್ ನೀರು ಬಿದ್ದೇ ಹೋದರೆ ಲಕ್ಷಣಗಳು ನಿಮಿಷಗಳಲ್ಲೇ ಕಾಣುತ್ತವೆ. ಮೀನು ಗಾಬರಿಯಿಂದ ಓಡಾಡುತ್ತದೆ, ಮೈ ಬಿಳಚಿ ಲೋಳೆ ಬರುತ್ತದೆ, ಮೇಲೆ ಬಂದು ಬಾಯಿ ಬಿಡುತ್ತದೆ. ಆಗ ನೀರು ಬದಲಿಸಲು ಹೋದರೆ ಮತ್ತಷ್ಟು ಕ್ಲೋರಿನ್ ಸೇರುತ್ತದೆ. ಇಡೀ ತೊಟ್ಟಿಯ ಅಳತೆಗೆ ಹೈಪೋ ಹಾಕಿ, ಏರ್ ಪಂಪನ್ನು ಪೂರ್ತಿ ಬಿಡಬೇಕು. ಹೈಪೋ ಇಲ್ಲದಿದ್ದರೆ ಹಿಡಿದಿಟ್ಟ ಹಳೆ ನೀರಿಗೆ ಮೀನನ್ನು ವರ್ಗಾಯಿಸಬೇಕು. ಕಿವಿರು ಕೆಂಪಿನ ಬದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಕಾರಣ ನೈಟ್ರೈಟ್. ಅದಕ್ಕೆ ಲೀಟರಿಗೆ ಒಂದು ಗ್ರಾಂನಂತೆ ಕಲ್ಲುಪ್ಪು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗಗೊಡುವುದಿಲ್ಲ. ಎರಡೂ ಸಂದರ್ಭದಲ್ಲಿ ಒಂದೆರಡು ದಿನ ಆಹಾರ ಹಾಕಬಾರದು.

ನೀರಿನಲ್ಲಿ ಏನಿದೆ ಎಂದು ತಿಳಿಯುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ಕ್ಷೇತ್ರ ಪರೀಕ್ಷಾ ಕಿಟ್ ಕೊಡಲಾಗಿದೆ. ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿಕೆ ಕ್ಲೋರಿನ್ ಇವನ್ನೆಲ್ಲ ಅದರಲ್ಲೇ ನೋಡಬಹುದು. ಕ್ಲೋರಿನ್ನಿಗಾದರೆ ಅಂಗಡಿಯಲ್ಲಿ ಸಿಗುವ, ಹನಿ ಹಾಕಿದರೆ ನೀರು ಹಳದಿಯಾಗುವ ಸಣ್ಣ ಕಿಟ್ಟೂ ಸಾಕು. ಹಳದಿ ಕಂಡರೆ ಆ ನೀರು ಮೀನಿಗಲ್ಲ. ಟ್ಯಾಂಕ್ ಯಾವತ್ತು ತೊಳೆಯುತ್ತಾರೆ, ಬ್ಲೀಚಿಂಗ್ ಪೌಡರ್ ಯಾವತ್ತು ಹಾಕುತ್ತಾರೆ ಎಂಬುದು ನೀರು ಬಿಡುವ ನೀರುಗಂಟಿಗೆ ಗೊತ್ತಿರುತ್ತದೆ. ಅಂಗಡಿಗೆ ಹೋಗಿ ಔಷಧಿಯ ಬಾಟಲಿ ಕೊಳ್ಳುವ ಮೊದಲು ಅವರನ್ನು ಒಂದು ಮಾತು ಕೇಳಿ, ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.